ಯೋರುನ್ ಕುಟ್ಟಿ ಕಲಿಸಿದ ಒಂಬತ್ತು ದೋಣಿಗಳು

ಯೋರುನ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೀನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೀನು ಸೀಳಿದವಳು. ಮೇಲ್ವಿಚಾರಕರೇ ಅವಳಿಗೆ ದಾರಿ ಬಿಡುತ್ತಿದ್ದರು. ಪಕ್ಕದ ಮನೆಯವಳಾದ ನನಗೂ ಬೈಗುಳ ತಪ್ಪಿದ್ದಲ್ಲ. ಆದರೆ ಗಂಡ ಸೀವರ್ಟ್‌ಗೆ ಪಾರ್ಶ್ವವಾಯು ಬಡಿದು ಮಾತು ತುಂಡುತುಂಡಾದ ವರ್ಷ ಅವಳ ಸಿಟ್ಟಿಗೆ ಕಾರಣವಿತ್ತು.

ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ಭಾನುವಾರ, ಕಡಲು ನುಂಗಿದ ಒಂಬತ್ತು ದೋಣಿಗಳ ಹೆಸರನ್ನು ದ್ವೀಪದ ಹಿರಿಯ ಮೀನುಗಾರ ಚರ್ಚಿನಲ್ಲಿ ಓದಬೇಕು. ದೋಣಿಗಳ ಹೆಸರು ಮಾತ್ರ. ಆ ವರ್ಷ ಸರದಿ ಸೀವರ್ಟ್‌ನದು. ಕೊನೆಯ ದೋಣಿ ಮೋರ್ಗೆನ್‌ಶೆರ್ನೆಯಲ್ಲಿ, ಅಂದರೆ ಬೆಳ್ಳಿಚುಕ್ಕಿಯಲ್ಲಿ, ಅವನ ತಮ್ಮನೂ ಹೋಗಿದ್ದ.

ನಮ್ಮ ದ್ವೀಪದ ಭಾಷೆಯಲ್ಲಿ ಎರಡು ಪದ ಕೂಡಿದರೆ ಒತ್ತೆಲ್ಲ ಮೊದಲನೆಯದಕ್ಕೆ, ಎರಡನೆಯದಕ್ಕೆ ಅರೆಪಾಲು. ಯೋರುನ್ ಅದನ್ನು ಮರದ ಸೌಟಿನಿಂದ ಮೇಜು ಕುಟ್ಟಿ ಸೀವರ್ಟ್‌ಗೆ ಮತ್ತೆ ಕಲಿಸಿದಳು. ಒಂದು ದೋಣಿಯ ಹೆಸರು ಸೂಲ್-ಸ್ತ್ರೋ-ಲೆ, ಅಂದರೆ ಸೂರ್ಯಕಿರಣ: ಮೊದಲು ಜೋರು ಏಟು, ಆಮೇಲೆ ಮೆಲ್ಲನೆಯದು, ಕೊನೆಗೆ ಏಟೇ ಇಲ್ಲ.

ಮೊದಲ ತುಂಡು ಕೇಳಿದರೆ ಸಾಕು, ಉಳಿದದ್ದು ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು. ಅದೇ ತೊಂದರೆ. ಅಂಗಡಿಯಲ್ಲಿ ಅವನು "ಫಿಸ್ಕೆ..." ಎಂದು ತಡವರಿಸಿದಾಗ ನಾನೇ, "ಕಾಕೆರ್, ಅಲ್ವಾ ಸೀವರ್ಟ್?" ಎಂದು ಮೀನಿನ ವಡೆಯ ಪೊಟ್ಟಣ ಎತ್ತಿಕೊಟ್ಟೆ.

"ನಿನ್ ಬಾಯಿಗೆ ಬೀಗ ಹಾಕ್ಕೊ," ಎಂದಳು ಯೋರುನ್. "ಅವ್ನ ಬಾಯಲ್ಲಿರೋದನ್ನ ಕಿತ್ಕೊಳ್ಳೋಕೆ ನೀನ್ಯಾರು? ಇನ್ನೂ ಸತ್ತಿಲ್ಲ ಅವ್ನು."

ನನಗೆ ಮೈಯೆಲ್ಲ ಉರಿಯಿತು. ಆದರೆ ತಪ್ಪು ನನ್ನದೇ.

ಪಾದ್ರಿಗಳು, "ನಾನೇ ಓದ್ತೀನಮ್ಮ, ಅವ್ರು ಪಕ್ಕದಲ್ಲಿ ನಿಂತಿರ್ಲಿ," ಎಂದು ಹೇಳಿ ನೋಡಿದರು.

"ಬೊಂಬೆ ಥರಾನಾ?" ಎಂದಳು ಯೋರುನ್. ಅವನು ಎಷ್ಟು ತಡೆದರೂ ಯಾರೂ ತುಟಿ ಬಿಚ್ಚಕೂಡದೆಂದು ಮನೆಮನೆಗೆ ಹೋಗಿ ಎಚ್ಚರಿಸಿ ಬಂದಳು.

ಆ ಭಾನುವಾರ ಸೀವರ್ಟ್ ಎಂಟು ದೋಣಿ ದಾಟಿದ. ಒಂಬತ್ತನೆಯದಕ್ಕೆ "ಮೋರ್ಗೆನ್..." ಎಂದು ನಿಂತ. ಅವನ ದವಡೆ ಅದುರುತ್ತಿತ್ತು.

"ಶೆರ್ನೆ," ಎಂದಿತು ಒಂದು ಧ್ವನಿ. ಯೋರುನ್‌ಳದು.

ಸೀವರ್ಟ್ ತಿರುಗಿ ನೋಡಿದ. ಅಷ್ಟು ಸಿಟ್ಟಿನ ಮುಖ ಅವನದೆಂದು ನಂಬುವುದೇ ಕಷ್ಟವಾಯಿತು. "ಬಾಯಿ... ಮುಚ್ಚು," ಎಂದ. ಕಾಗದ ನೆಟ್ಟಗೆ ಹಿಡಿದು, ಮತ್ತೆ ಮೊದಲ ದೋಣಿಯಿಂದ ಶುರುಮಾಡಿದ.

ಒಂಬತ್ತನೆಯದು ಬರುವಷ್ಟರಲ್ಲಿ ಯೋರುನ್ ಎರಡೂ ಕೈಯಿಂದ ಬಾಯಿ ಒತ್ತಿಕೊಂಡು ಅಳುತ್ತಿದ್ದಳು. "ಮೋರ್ಗೆನ್..." ಎಷ್ಟು ಹೊತ್ತು ಕಾದೆವೋ. "ಶೆರ್ನೆ," ಎಂದ. ಆಮೇಲೆ, ಕಾಗದದಲ್ಲಿ ಇಲ್ಲದಿದ್ದರೂ, ತಮ್ಮನ ಹೆಸರನ್ನೂ ಹೇಳಿದ.