ಗದ್ದದ ಕುರು, ಹಲ್ಲಿನ ಬೇರು

ಹಿಮಾಯತ್‌ನಗರದ ಹಲ್ಲಿನ ದವಾಖಾನೆಯಲ್ಲಿ ನೀಲಾ ಎಕ್ಸ್‌ರೇ ತೆಗೆಯಲು ತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ಕಲಬುರಗಿಯಿಂದ ಮದುವೆಯಾಗಿ ಬಂದವಳು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಹಟ ಹಿಡಿದು ಈ ಕೆಲಸ ಕಲಿತಿದ್ದಳು.

ಒಂದು ಸೋಮವಾರ ಮಲ್ಕಾಜ್‌ಗಿರಿಯ ರೈಲ್ವೆ ನೌಕರ ಕಲ್ಲೇಶ ಹೆಂಡತಿಯ ಹಲ್ಲು ತೋರಿಸಲು ಬಂದ. ಅವನ ಗದ್ದಕ್ಕೇ ಪಟ್ಟಿ ಅಂಟಿತ್ತು. ತೆಲುಗರ ಊರಿನಲ್ಲಿ ಗಂಡಹೆಂಡಿರ ಕನ್ನಡ ಕಿವಿಗೆ ಬಿದ್ದದ್ದೇ ನೀಲಾ ಮಾತಿಗೆಳೆದಳು.

"ಗದ್ದಕ್ಕ ಏನಾಗೈತ್ರೀ?"

"ಕುರು ರೀ ಅಕ್ಕಾರ. ಎರಡು ವರ್ಷ ಆತು. ಮುಲಾಮು ಹಚ್ಚಿದೆ, ಒಮ್ಮೆ ಕೊಯ್ಸಿದೆ. ಮತ್ತ ಕೀವು ಬರಾಕತ್ತೈತಿ."

"ಹಲ್ಲುನೋವು?"

"ಒಟ್ಟ ಇಲ್ರೀ."

ಆದರೆ ಅವನ ಕೆಳಸಾಲಿನ ಮುಂದಿನ ಹಲ್ಲೊಂದು ಬೂದುಬಣ್ಣಕ್ಕೆ ತಿರುಗಿತ್ತು. ಕೇಳಿದರೆ, ಹಿಂದೆ ಕಬಡ್ಡಿ ಆಡುವಾಗ ಮುಖ ಅಡಿಯಾಗಿ ಬಿದ್ದಿದ್ದನಂತೆ. ನೀಲಾ ನೇರವಾಗಿ ಡಾಕ್ಟರ್ ಅನುರಾಧಾ ಅವರನ್ನು ಕರೆತಂದಳು. ಅವರು ತಣ್ಣನೆಯ ಹತ್ತಿ ತಾಗಿಸಿದಾಗ ಉಳಿದ ಹಲ್ಲುಗಳು ಜುಮ್ಮೆಂದವು. ಬೂದು ಹಲ್ಲಿಗೆ ಏನೂ ತಿಳಿಯಲಿಲ್ಲ. ಅದರೊಳಗಿನ ನರ ಸತ್ತಿತ್ತು.

ನೀಲಾ ತೆಗೆದ ಎಕ್ಸ್‌ರೇ ನೋಡಿದ ಹೊಸ ಡಾಕ್ಟರ್ ನಿಶಾಂತ, ಎಲುಬು ಸರಿಯಾಗಿದೆ, ಚರ್ಮದ ವೈದ್ಯರ ಬಳಿ ಕಳಿಸೋಣ ಎಂದರು. ನೀಲಾ ಧೈರ್ಯ ಮಾಡಿ ಬಾಯಿಬಿಟ್ಟಳು.

"ಬೇರಿನ ತುದಿ ಇದರಾಗ ಬಂದೇ ಇಲ್ರೀ ಸರ್. ತಪ್ಪು ನಂದು. ಇನ್ನೊಮ್ಮೆ ತಗೀತೀನಿ."

ಈ ಸಲ ಅನುರಾಧಾ ಕುರುವಿನ ಬಾಯೊಳಗೆ ಎಕ್ಸ್‌ರೇಯಲ್ಲಿ ಕಾಣುವ ರಬ್ಬರಿನಂಥ ಎಳೆಯೊಂದನ್ನು ಮೆಲ್ಲಗೆ ತೂರಿಸಿದರು. ಚಿತ್ರ ಮೂಡಿತು. ಆ ಎಳೆ ಬಿಳಿ ಗೆರೆಯಾಗಿ ಗದ್ದದಿಂದ ಹೊರಟು ಬೂದು ಹಲ್ಲಿನ ಬೇರಿಗೇ ಹೋಗಿ ಮುಟ್ಟಿತ್ತು. ಬೇರಿನ ಸುತ್ತ ದವಡೆಯ ಎಲುಬು ಕರಗಿ, ಕಡಲೆಕಾಳಿನಷ್ಟು ಕಪ್ಪು ಕಲೆ!

"ಸೋಂಕು ಹಲ್ಲಿನಾಗ ಐತಿ," ಎಂದರು ಅನುರಾಧಾ. "ಅದರಿಂದ ಎಲುಬು ಕರಗೈತಿ. ಕೀವು ಗದ್ದದಿಂದ ಹೊರಗ ಹರದು ಹೋಗಾಕತ್ತೈತಿ, ಅದಕ್ಕ ನಿಮಗ ನೋವಿಲ್ಲ."

"ಹಲ್ಲು ಕೀಳ್ತೀರೇನ್ರೀ?"

"ಬ್ಯಾಡ. ಒಳಗ ತೊಳದು ಉಳಸೋಣು."

ಬೇರಿನೊಳಗಿನ ಕೊಳೆ ತೆಗೆದು, ಔಷಧಿ ಇಟ್ಟು, ಮುಂದಿನ ಭೇಟಿಯಲ್ಲಿ ಭದ್ರವಾಗಿ ಮುಚ್ಚಿದರು. ಗದ್ದಕ್ಕೆ ಕತ್ತಿ ತಾಗಿಸಲೇ ಇಲ್ಲ. ಮೂರು ವಾರದಲ್ಲಿ ಕುರು ತಾನಾಗಿಯೇ ಒಣಗಿತು.

ವರ್ಷ ಕಳೆದು ತೆಗೆದ ಚಿತ್ರದಲ್ಲಿ ಕಪ್ಪು ಕಲೆಯ ಜಾಗದಲ್ಲಿ ಹೊಸ ಎಲುಬು ತುಂಬಿತ್ತು. ನಿಶಾಂತ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಕಲಿಯಲು ಬಂದ ಹುಡುಗಿಯರಿಗೆ ವಿವರಿಸಲು ನೀಲಾಳನ್ನೇ ಮುಂದೆ ಕರೆದರು. ನುಣ್ಣಗೆ ಶೇವ್ ಮಾಡಿಕೊಂಡು ಬಂದಿದ್ದ ಕಲ್ಲೇಶ ಗದ್ದ ಎತ್ತಿ ಎಲ್ಲರಿಗೂ ತೋರಿಸಿದ.

"ಎರಡು ವರ್ಷದ ಕುರು ರೀ! ಈ ಅಕ್ಕಾರು ಒಂದೇ ದಿನದಾಗ ಹಿಡದರು!"