ಶಾಮಲಮ್ಮನ ಗುಡಿಸದ ಕೋಣೆ

ಕುರುಡುಮಲೆಯ ಗಣಪನನ್ನು ನೋಡಲು ಬಂದವರಿಗೆ ಹೊತ್ತು ಮೀರಿದರೆ ಶಾಮಲಮ್ಮನ ಮನೆಯೇ ಗತಿ. ಗುಡಿಯ ಮುಂದೆ ತೆಂಗಿನಕಾಯಿ ಮಾರುವ ನಾನೇ ಎಷ್ಟೋ ಜನರನ್ನು ಅಲ್ಲಿಗೆ ಕಳಿಸಿದ್ದೇನೆ. ಗಂಡ ತೀರಿಕೊಂಡ ಮೇಲೆ ಅವಳು ರೇಷ್ಮೆಹುಳು ಸಾಕುತ್ತಿದ್ದ ಕೋಣೆಗೆ ಸುಣ್ಣ ಬಳಿಸಿ ಮಂಚ ಹಾಕಿಸಿದಳು. ಮುದ್ದೆ, ಬಸ್ಸಾರು ಬಡಿಸುತ್ತಲೇ ಸೋಮೇಶ್ವರನ ಗುಡಿ ನೋಡಿದಿರಾ, ಆವಣಿ ಬೆಟ್ಟ ಹತ್ತಿದಿರಾ ಎಂದು ಬಂದವರ ತಲೆ ತಿನ್ನುತ್ತಾಳೆ. ಇಲ್ಲವೆಂದರೆ ಬೆಳಿಗ್ಗೆ ತಾನೇ ಎಬ್ಬಿಸಿ ಅಟ್ಟುತ್ತಾಳೆ.

ಅವಳದೊಂದು ಹಟವಿದೆ. ಹೊರಟವರ ಬೆನ್ನಿಗೇ ಕಸ ಗುಡಿಸಬಾರದೆಂದು ನಾವೆಲ್ಲ ನಂಬಿದ್ದೇವೆ. ಹಾಗೆ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ. ಆದರೆ ನಾವು ಕಾಯುವುದು ಅವರು ಬೀದಿಯ ತಿರುವು ದಾಟುವ ತನಕ ಮಾತ್ರ. ಈ ಮಹಾತಾಯಿ ಅವರು ಸೇರಬೇಕಾದ ಕಡೆ ಸೇರಿ ಫೋನ್ ಮಾಡುವವರೆಗೆ ಪೊರಕೆ ಮುಟ್ಟುವುದಿಲ್ಲ.

ಹೋದ ತಿಂಗಳು ಬೆಂಗಳೂರಿನ ಪ್ರವಾಸದ ಕಂಪನಿಯೊಂದು ಅವಳ ಕೋಣೆ ನೋಡಲು ಬರುವುದೆಂದಾಯಿತು. ಅವರು ಒಪ್ಪಿದರೆ ವಾರವಾರವೂ ಜನ. ಆಗೊಮ್ಮೆ ಈಗೊಮ್ಮೆ ಬರುವವರಿಂದ ಅವಳ ಹೊಟ್ಟೆ ತುಂಬದು; ಕಂಪನಿ ಒಪ್ಪದಿದ್ದರೆ ಮನೆಗೆ ಬೀಗ ಹಾಕಿ ಮಾಲೂರಿನ ಮಗಳ ಮನೆ ಸೇರಬೇಕು. ಅಳಿಯನ ಮನೆಯ ಅನ್ನ ಅವಳ ಗಂಟಲಲ್ಲಿ ಇಳಿಯುವುದಿಲ್ಲ.

ಕಂಪನಿಯವರು ಬರಬೇಕಿದ್ದ ದಿನ ನಸುಕಿನಲ್ಲೇ ಮದನಪಲ್ಲಿ ಕಡೆಯ ಆದಿಲಕ್ಷ್ಮಿ ತನ್ನ ಗಂಡನನ್ನು ಕರೆದುಕೊಂಡು ಆ ಕೋಣೆಯಿಂದ ಹೊರಟಿದ್ದಳು. ಗಂಡನಿಗೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್. ಗಣಪನಿಗೆ ಪೂಜೆ ಮಾಡಿಸಲೆಂದು ಒಂದು ರಾತ್ರಿ ಉಳಿದಿದ್ದರು. ಮಧ್ಯಾಹ್ನ ಬರುತ್ತೇನೆಂದಿದ್ದ ಕಂಪನಿಯ ಹುಡುಗಿ ಶ್ರುತಿ ಬೆಳಿಗ್ಗೆಯೇ ಮುಳಬಾಗಿಲಿನಿಂದ ಫೋನ್ ಮಾಡಿ, ಈಗಲೇ ಬರುತ್ತಿದ್ದೇನೆ ಎಂದಳು. ಕೋಣೆಯಲ್ಲಿ ಬಾಳೆಹಣ್ಣಿನ ಸಿಪ್ಪೆ, ಬಾಡಿದ ಹೂವು, ಮುದುಡಿದ ಹಾಸಿಗೆ. ನಾನೇ ಗುಡಿಸುತ್ತೇನೆಂದು ಓಡಿ ಬಂದರೆ ಶಾಮಲಮ್ಮ ಪೊರಕೆ ಕಿತ್ತುಕೊಂಡಳು.

“ಆಸ್ಪತ್ರೆಗೆ ಹೋಗಿರೋರು ಕಣೇ ಅವ್ರು. ಕೈ ಹೆಂಗೆ ಬರ್ತದೆ ನಂಗೆ?”

ಶ್ರುತಿ ಬಾಗಿಲಲ್ಲೇ ನಿಂತು ನೋಡಿದಳು. ಶಾಮಲಮ್ಮ ಇದ್ದ ಕಾರಣವನ್ನು ಇದ್ದ ಹಾಗೇ ಹೇಳಿದಳು. ಹುಡುಗಿ ಕೆಟ್ಟವಳಲ್ಲ, ನಗಲಿಲ್ಲ. ಆದರೆ ತಾವು ಕರೆತರುವ ಜನಕ್ಕೆ ಇದನ್ನೆಲ್ಲ ಹೇಳಲಾಗುವುದಿಲ್ಲ, ಈ ಕೋಣೆ ಆಗುವುದಿಲ್ಲ ಎಂದಳು. ಕೊಟ್ಟ ಕಾಫಿ ಕುಡಿದು ಕಾರು ಹತ್ತಿದಳು.

ನನಗೆ ಮೈಯೆಲ್ಲ ಉರಿಯಿತು. ಶಾಮಲಮ್ಮನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಆದಿಲಕ್ಷ್ಮಿಯ ಫೋನ್ ಬಂತು. ಆಸ್ಪತ್ರೆ ಸೇರಿದೆವು, ಮಂಚ ಸಿಕ್ಕಿತು ಎಂದು ತೆಲುಗಿನಲ್ಲಿ ಹೇಳಿದಳು. ಶಾಮಲಮ್ಮ ಗುಡಿಯ ಕಡೆ ತಿರುಗಿ ಕೈ ಮುಗಿದಳು.

ಇನ್ನಾದರೂ ಗುಡಿಸು ಎಂದು ನಾನು ಪೊರಕೆ ತಂದು ಅವಳ ಕೈಗೆ ತುರುಕಿದೆ. ಅವಳು ಅದನ್ನು ಮತ್ತೆ ಗೋಡೆಗೆ ಒರಗಿಸಿದಳು.

“ಆ ಹುಡುಗಿ ಈಗಿನ್ನೂ ಹೊರಟವ್ಳೆ ಕಣೇ. ಅವಳೂ ಮನೆ ಸೇರ್ಲಿ. ನಂಬರ್ ಐತಲ್ಲ, ಸಾಯಂಕಾಲ ನಾನೇ ಕೇಳ್ತೀನಿ.”