ಖಾಲಿ ಸಾಲುಗಳು

ದೂರಸಂಪರ್ಕ ವಿಷಯದಲ್ಲಿ ಎಂ.ಟೆಕ್. ಮಾಡಿದವಳು ನಾನು. ಎರಡು ವರ್ಷ ಬೆಳಗಾವಿಯ ಕಾಲೇಜಿನಲ್ಲಿ ಕಲಿತದ್ದರಲ್ಲಿ ಅರ್ಧ ಮರೆತಿದ್ದೇನೆ. ಆದರೆ ನನ್ನ ಗೈಡ್ ಆಡಿದ ಒಂದು ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಖಾನಾಪುರದ ಕಾಡಿನೊಳಗೆ ಮೊಬೈಲ್ ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಅಳೆಯುವುದು ನನ್ನ ಕೊನೆಯ ವರ್ಷದ ಪ್ರಾಜೆಕ್ಟ್. ಬೆಳಗಾವಿಯ ಖಾಸಬಾಗದ ನಮ್ಮ ಮನೆಯಿಂದ ಬೆಳಿಗ್ಗೆಯೇ ಸ್ಕೂಟಿ ಹತ್ತಿ ಲೋಂಡಾ ದಾಟಿ ಹೋಗುತ್ತಿದ್ದೆ. ಹ್ಯಾಂಡಲ್ಲಿಗೆ ಕಟ್ಟಿದ ಫೋನು ಕೆಲವು ಸೆಕೆಂಡಿಗೊಮ್ಮೆ ಸಿಗ್ನಲ್ಲಿನ ಬಲ ಅಳೆದು ಒಂದು ಸಾಲು ಬರೆದುಕೊಳ್ಳುತ್ತಿತ್ತು. ಸಿಗ್ನಲ್ ಇಲ್ಲದ ಕಡೆ ಜಾಗದ ಗುರುತು ಮಾತ್ರ ಬೀಳುತ್ತಿತ್ತು, ಅದರ ಮುಂದೆ ಖಾಲಿ.

ರಸ್ತೆ ಮುಗಿಯುವಲ್ಲಿದ್ದ ಒಂದು ಊರಿನಲ್ಲಿ ಅಂಥ ಖಾಲಿ ಸಾಲುಗಳೇ ತುಂಬಿದವು. ಸಿಗ್ನಲ್ ಸಿಕ್ಕಿದ್ದು ಗುಡ್ಡದ ಮೇಲಿನ ಒಂದು ಬಂಡೆಯ ಹತ್ತಿರ ಮಾತ್ರ. ಅಲ್ಲಿನ ಆಶಾ ಕಾರ್ಯಕರ್ತೆ ಎರಡು ದಿನ ನನ್ನ ಜೊತೆ ಬಿಸಿಲಲ್ಲಿ ಸುತ್ತಿದರು. ಮನೆಯಲ್ಲಿ ಮರಾಠಿ, ನನ್ನೊಡನೆ ಕನ್ನಡ, ಗಟ್ಟಿಗಿತ್ತಿ ಹೆಂಗಸು. ಊರಿನ ಪದ್ಧತಿಯೊಂದನ್ನು ಅವರೇ ಹೇಳಿದರು.

"ಎಂಟು ತಿಂಗಳಾತಂದ್ರ ಬಸರಿ ಹೆಣ್ಮಕ್ಕಳನ್ನ ಖಾನಾಪುರದಾಗ ಯಾರರ ಬೀಗರ ಮನಿಗೆ ಕಳಿಸಿ ಬಿಡ್ತೀವ್ರಿ ಮೇಡಂ. ಇಲ್ಲಿ ನೋವು ಸುರು ಆದ್ರ, ಆ ಗುಡ್ಡಾ ಹತ್ತಿ ಅಂಬ್ಯುಲೆನ್ಸಿಗೆ ಫೋನ್ ಹಚ್ಚೂತನಕ ಕೂಸು ಕಾಯ್ತದೇನ್ರಿ?"

"ಬೀಗರು ಇಲ್ಲದವ್ರು?"

"ಅವ್ರು ಇಲ್ಲೇ. ದೇವರ ಮ್ಯಾಲ ಭಾರ."

ಟವರ್ ಬೇಕೆಂದು ಊರಿನವರು ಅರ್ಜಿ ಕೊಟ್ಟಿದ್ದರು. ಸಿಗ್ನಲ್ ಇಲ್ಲ ಎನ್ನುವುದಕ್ಕೆ ದಾಖಲೆ ತನ್ನಿ ಎಂದು ಅದು ವಾಪಸ್ ಬಂದಿತ್ತಂತೆ. ಇಲ್ಲದ್ದಕ್ಕೆ ದಾಖಲೆ! ನನ್ನ ವರದಿಯ ಒಂದು ಪ್ರತಿಯನ್ನು ಅರ್ಜಿಗೆ ಲಗತ್ತಿಸಲು ಕೊಡುತ್ತೇನೆಂದು ಮಾತು ಕೊಟ್ಟು ಬಂದೆ.

ಗೈಡ್ ನನ್ನ ಗ್ರಾಫ್ ನೋಡಿ ಮುಖ ಸಿಂಡರಿಸಿದರು. ಪಾಠ ಚೆನ್ನಾಗಿ ಮಾಡುವವರೇ. ಆದರೆ ಲೋಂಡಾವನ್ನು ಅವರು ನೋಡಿದ್ದು ಗೋವಾಕ್ಕೆ ಹೋಗುವ ರೈಲಿನ ಕಿಟಕಿಯಿಂದ.

"ನೋಡವಾ, ಸಿಗ್ನಲ್ ಇದ್ದರ ಅಳತಿ. ಇಲ್ಲದ್ದನ್ನ ಏನಂತ ಅಳೀತಿ? ಖಾಲಿ ಸಾಲು ಎಲ್ಲಾ ತಗದ ಹಾಕು. ಗ್ರಾಫ್ ಪುಸ್ತಕದಾಗಿನ ಸೂತ್ರಕ್ಕ ಹೊಂದಬೇಕು."

"ಸರ್, ಆ ಊರಾಗ ಇರೂದ ಖಾಲಿ ರೀ."

"ನಿನಗ ಡಿಗ್ರಿ ಬೇಕೋ, ಊರು ಬೇಕೋ?"

ಇದೇ ಆ ಮಾತು. ಎಂಥ ಅನ್ಯಾಯದ ಲೆಕ್ಕ ನೋಡಿ. ಖಾಲಿ ಸಾಲುಗಳನ್ನು ತೆಗೆದರೆ ಉಳಿಯುವುದು ಗುಡ್ಡದ ಬಂಡೆಯೊಂದೇ, ಅಲ್ಲಿನ ಅಳತೆಯೇ ಇಡೀ ಊರಿನ ಸರಾಸರಿ! ಗೊತ್ತಿದ್ದೂ ಅಳಿಸಿದೆ. ಯಾರೂ ಕೈ ಹಿಡಿದು ಅಳಿಸಲಿಲ್ಲ, ನಾನೇ ಅಳಿಸಿದೆ. ಆ ಊರಿನಲ್ಲಿ ಸಿಗ್ನಲ್ ತೃಪ್ತಿಕರ ಎಂದು ವರದಿ ಅಚ್ಚಾಯಿತು, ಗೈಡ್ ಬೆನ್ನು ತಟ್ಟಿದರು. ಅವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಅಸಹ್ಯ ನನ್ನ ಮೇಲಿತ್ತು.

ವೈವಾ ಮುಗಿದ ವಾರವೇ ಆಶಾ ಕಾರ್ಯಕರ್ತೆ ಅರ್ಜಿಗೆ ಬೇಕಾದ ಪ್ರತಿ ಕೇಳಿಕೊಂಡು ಬಸ್ಸು ಹಿಡಿದು ಕಾಲೇಜಿಗೆ ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗೈಡ್ "ಬರ್ರಿ, ಕುಂದರ್ರಿ" ಎಂದು ಅವರನ್ನು ಕೂಡಿಸಿ, ವರದಿಯ ಪ್ರತಿಗೆ ಸಹಿ ಹಾಕಿ, ಸಿಕ್ಕಾ ಹೊಡೆದು ಕೊಟ್ಟರು. ಇಂಗ್ಲಿಷ್ ಬಾರದ ಆಕೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು.

ನನಗೆ ತಡೆಯಲಾಗಲಿಲ್ಲ. ಅವರ ಕೈಯಿಂದ ಕಸಿದುಕೊಂಡೆ. "ಅಕ್ಕಾರ, ಇದು ಸುಳ್ಳ ಐತ್ರಿ. ನಿಮ್ಮೂರಾಗ ಸಿಗ್ನಲ್ ಚಲೋ ಐತಿ ಅಂತ ಬರದೀನಿ. ನಾನ ಬರದೀನಿ."

ಗೈಡ್ ಗಂಟಲು ಸರಿಮಾಡಿಕೊಂಡು ಏನೋ ಹೇಳಹೋದರು. ಆಕೆ ಅವರ ಕಡೆ ನೋಡಲೇ ಇಲ್ಲ. ನನ್ನನ್ನು ಬೈಯಲೂ ಇಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕುಳಿತರು.

"ಹಂಗಾರ ಖರೇದು ಬರೀರಿ. ನನ್ನ ಬಸ್ಸು ಸಂಜಿಗೆ ಐತಿ."